ವಾರಕ್ಕೆ ಒಂದೇ ಡ್ರಾಯಿಂಗ್ ಪೀರಿಯಡ್: ಹೈಸ್ಕೂಲಲ್ಲಿ ಚಿತ್ರಕಲೆ ಬೆಳೆಸುವುದು ಎಲ್ಲಿಂದ?

ಓದುಗರ ಪ್ರಶ್ನೆ: ನಾನು ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ಚಿತ್ರಕಲಾ ಶಿಕ್ಷಕಿ. ಪ್ರತಿ ತರಗತಿಗೂ ವಾರಕ್ಕೆ ಒಂದೇ ಪೀರಿಯಡ್, ಪರೀಕ್ಷೆ ಹತ್ತಿರ ಬಂದರೆ ಅದೂ ಗಣಿತಕ್ಕೆ ಹೋಗುತ್ತದೆ. ಬೇರೆ ರೂಮಿಲ್ಲ, ಬಣ್ಣಕ್ಕೆ ದುಡ್ಡಿಲ್ಲ. ಆದರೆ ಮಕ್ಕಳಿಗೆ ತುಂಬಾ ಆಸೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೇಡಂ, ಟೈಮ್‌ಟೇಬಲ್‌ನಿಂದ ಶುರು ಮಾಡಿ. ಬಣ್ಣ, ರೂಮು, ದಾನಿಗಳು ಎಲ್ಲ ಆಮೇಲೆ.

40 ನಿಮಿಷದ ಪೀರಿಯಡ್ ಲೆಕ್ಕ ಹಾಕಿ ನೋಡಿ. ಹಾಜರಿ, ಹಾಳೆ ಹಂಚುವುದು, ನೀರು ತರುವುದು, ಪೆನ್ಸಿಲ್ ಇಲ್ಲದವರಿಗೆ ಹುಡುಕಿ ಕೊಡುವುದು, ಕೊನೆಗೆ ಕೈ ತೊಳೆದು ಬೆಂಚು ಒರೆಸುವುದು. ಇಷ್ಟೆಲ್ಲ ಆಗಿ ಮಕ್ಕಳ ಕೈಗೆ ಸಿಗುವುದು 20 ನಿಮಿಷ. ಅಷ್ಟರಲ್ಲಿ ಆಗುವ ಚಿತ್ರ ಒಂದೇ, ಎರಡು ಗುಡ್ಡ, ನಡುವೆ ಸೂರ್ಯ, ಒಂದು ನದಿ, ಒಂದು ಗುಡಿಸಲು, ಪಕ್ಕದಲ್ಲಿ ತೆಂಗಿನ ಮರ. ಅದನ್ನೇ ಐದನೇ ಕ್ಲಾಸಲ್ಲೂ ಬಿಡಿಸಿರುತ್ತಾರೆ, ಹತ್ತನೇ ಕ್ಲಾಸಲ್ಲೂ ಬಿಡಿಸುತ್ತಾರೆ. ಮಕ್ಕಳಿಗೆ ಬರುವುದಿಲ್ಲ ಅಂತಲ್ಲ. ನಿಂತು ನೋಡುವುದಕ್ಕೆ ನಾವು ಪುರುಸೊತ್ತೇ ಕೊಟ್ಟಿಲ್ಲ.

ಹಾಗಾಗಿ ಪಿಟಿ ಮೇಷ್ಟ್ರ ಜೊತೆ ಒಂದು ಮಾತಾಡಿ. ಅವರ ಒಂದು ಪೀರಿಯಡ್ ನಿಮ್ಮ ಪೀರಿಯಡ್ ಪಕ್ಕಕ್ಕೆ ಬರಲಿ. ಈ ವಾರ ಎರಡೂ ನಿಮಗೆ, ಮುಂದಿನ ವಾರ ಎರಡೂ ಅವರಿಗೆ. ಅವರಿಗೂ ಪೂರ್ತಿ ಒಂದು ಮ್ಯಾಚ್ ಆಡಿಸುವಷ್ಟು ಸಮಯ ಸಿಗುತ್ತದೆ, ಬೇರೆ ಯಾರ ಪೀರಿಯಡ್ಡಿಗೂ ಕೈ ಹಾಕಬೇಕಾಗಿಲ್ಲ. ಹದಿನೈದು ದಿನಕ್ಕೊಮ್ಮೆ 80 ನಿಮಿಷ ಅಂದರೆ, ನನ್ನ ಅನುಭವದಲ್ಲಿ, ವಾರಕ್ಕೊಮ್ಮೆ ಸಿಗುವ 40 ನಿಮಿಷಕ್ಕಿಂತ ಎಷ್ಟೋ ಜಾಸ್ತಿ.

ಎಚ್‌ಎಂ, ಅಂದರೆ ಮುಖ್ಯೋಪಾಧ್ಯಾಯರು, ಒಪ್ಪುತ್ತಾರಾ? ಅವರ ತಲೆಯಲ್ಲಿ ಎಸ್ಸೆಸ್ಸೆಲ್ಸಿ ರಿಸಲ್ಟ್ ಇರುತ್ತದೆ, ಅದು ತಪ್ಪಲ್ಲ. ಆ ರಿಸಲ್ಟಿನ ಒಟ್ಟು ಅಂಕದಲ್ಲಿ ಡ್ರಾಯಿಂಗ್‌ಗೆ ಒಂದು ಅಂಕವೂ ಇಲ್ಲ. ಅದಕ್ಕೇ ಹತ್ತನೇ ತರಗತಿಯನ್ನು ಸದ್ಯಕ್ಕೆ ಮುಟ್ಟಬೇಡಿ, ಎಂಟು ಒಂಬತ್ತನೇ ತರಗತಿ ಮಾತ್ರ ಕೇಳಿ. ವಿಜ್ಞಾನದಲ್ಲಿ ಚಿತ್ರ ಬರೆದು ಭಾಗ ಗುರುತಿಸುವ ಪ್ರಶ್ನೆ ಇದ್ದೇ ಇರುತ್ತದೆ, ಕೈ ಪಳಗಿದ ಮಕ್ಕಳು ಅದನ್ನು ಬೇಗ ಮುಗಿಸುತ್ತಾರೆ ಅಂತಲೂ ಹೇಳಿ. ಇದು ಎಚ್‌ಎಂ ಹತ್ತಿರ ಆಡುವ ಮಾತು ಅಷ್ಟೇ. ಚಿತ್ರಕಲೆ ಇರುವುದು ವಿಜ್ಞಾನದ ಅಂಕಕ್ಕೋಸ್ಕರ ಅಂತ ನೀವೇ ನಂಬಿಬಿಡಬೇಡಿ. ಹತ್ತನೇ ತರಗತಿವರೆಗೂ ಕಲೆ ಒಂದು ವಿಷಯವಾಗಿಯೇ ಇರಬೇಕು ಅಂತ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಕಾಲದಲ್ಲೇ ಹೇಳಿಯಾಗಿದೆ.

ಸಮಯ ಸಿಕ್ಕಿತು ಅಂದುಕೊಳ್ಳಿ. ಮೊದಲನೇ ದಿನ ಚಪ್ಪಲಿ ಬಿಡಿಸಲು ಹೇಳಿ. ಹೌದು, ಅವರವರದೇ ಹವಾಯಿ ಚಪ್ಪಲಿ. ಒಂದನ್ನು ಎದುರಿಗೆ ಇಟ್ಟುಕೊಂಡು, ರಬ್ಬರ್ ಮುಟ್ಟದೆ, ಅರ್ಧ ಗಂಟೆ. ನಾನು ಇದನ್ನು ಮೊದಲ ಸಲ ಮಾಡಿಸಿದಾಗ ಕ್ಲಾಸೆಲ್ಲ ನಕ್ಕಿತು. ಹತ್ತು ನಿಮಿಷ ಆದಮೇಲೆ ಸದ್ದೇ ಇಲ್ಲ. ಒಬ್ಬ ಹುಡುಗನ ಚಪ್ಪಲಿಯ ಹಿಮ್ಮಡಿ ಒಂದೇ ಕಡೆ ಸವೆದಿತ್ತು, ಉಂಗುಷ್ಟ ಕಿತ್ತುಹೋಗಿ ಅಡಿಯಲ್ಲಿ ಪಿನ್ನು ಸಿಕ್ಕಿಸಿದ್ದ. ಆ ಪಿನ್ನನ್ನೂ ಬಿಡದೆ ಬಿಡಿಸಿದ್ದ, ಹೆಬ್ಬೆರಳು ಒತ್ತಿ ಒತ್ತಿ ಆದ ಗುಳಿಗೆ ಪೆನ್ಸಿಲ್ ಅಡ್ಡ ಹಿಡಿದು ತೆಳುವಾಗಿ ನೆರಳು ಕೊಟ್ಟಿದ್ದ. ನೆರಳು ಅಂದರೇನು ಅಂತ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆ ಹಾಳೆ ಈಗಲೂ ನನ್ನ ಹತ್ತಿರ ಇದೆ.

ಇನ್ನು ಸಾಮಾನು. ಇದ್ದಿಲಿಂದ ಶುರು ಮಾಡಿ, ಕಾಸು ಖರ್ಚಿಲ್ಲ. ಹಿಂದೆ ಮೈಸೂರು ಶೈಲಿಯ ಚಿತ್ರಕಾರರು ಹುಣಸೆ ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿಟ್ಟು ಸುಟ್ಟು, ಆ ಇದ್ದಿಲಲ್ಲೇ ಮೊದಲ ಗೆರೆ ಹಾಕುತ್ತಿದ್ದರು. ನೀವು ಹಳೇ ತಗಡಿನ ಡಬ್ಬಿ ತೆಗೆದುಕೊಳ್ಳಿ. ಮುಚ್ಚಳಕ್ಕೆ ಮೊಳೆಯಲ್ಲಿ ಒಂದು ತೂತು ಮಾಡಿ, ಒಣಗಿದ ಕಡ್ಡಿ ಒತ್ತಾಗಿ ತುಂಬಿ, ಸೌದೆ ಒಲೆಯಲ್ಲಿಡಿ. ತೂತಿನಿಂದ ಹೊಗೆ ನಿಂತಮೇಲೆ ಹೊರಗೆ ತೆಗೆದು ಪೂರ್ತಿ ಆರಲು ಬಿಡಿ. ಬಿಸಿ ಇದ್ದಾಗ ಮುಚ್ಚಳ ತೆಗೆದರೆ ಗಾಳಿ ತಾಗಿ ಕಡ್ಡಿ ಬೂದಿಯಾಗುತ್ತದೆ. ಒಲೆ ಹತ್ತಿರದ ಕೆಲಸ ನೀವೇ ಮಾಡಿ, ಮಕ್ಕಳು ದೂರ ನಿಂತು ನೋಡಲಿ. ಹಾಳೆಗೆ ಹಳೇ ಉತ್ತರ ಪತ್ರಿಕೆಯ ಖಾಲಿ ಮಗ್ಗುಲು ಸಾಕು.

ಆಮೇಲೆ ನಿಮ್ಮ ಊರನ್ನು ನೋಡಿ. ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. ಸಾಗರ, ಸೊರಬದ ಕಡೆ ಇದ್ದರೆ ದೀವರ ಸಮುದಾಯದವರು ಮನೆ ಗೋಡೆ ಮೇಲೆ ಬರೆಯುವ ಹಸೆ ಚಿತ್ತಾರವೇ ದೊಡ್ಡ ಪಾಠ. ಬಿಳಿಗೆ ಅರೆದ ಅಕ್ಕಿ, ಕಪ್ಪಿಗೆ ಸುಟ್ಟ ಅಕ್ಕಿ, ಕೆಂಪಿಗೆ ಕೆಮ್ಮಣ್ಣು, ಹಳದಿಗೆ ಗುರಿಗೆ ಕಾಯಿ, ಕುಂಚಕ್ಕೆ ಪುಂಡಿ ನಾರು. ಅಂಗಡಿಗೆ ಹೋಗುವ ಮಾತೇ ಇಲ್ಲ. ಕೊಪ್ಪಳದ ಕಡೆಯವರಿಗೆ ಕಿನ್ನಾಳದ ಮರದ ಕೆಲಸ ಇದೆ, ಚನ್ನಪಟ್ಟಣದವರಿಗೆ ಅರಗಿನ ಬಣ್ಣದ ಗೊಂಬೆ ಇದೆ. ಬಾದಾಮಿ ಹತ್ತಿರದವರು ಮೂರನೇ ಗುಹೆಗೆ ಮಕ್ಕಳನ್ನು ಕರೆದುಕೊಂಡು ಹೋಗಬಹುದು. ಅಲ್ಲಿನ ಶಾಸನ ಕ್ರಿ.ಶ. 578ರದು, ಚಾವಣಿ ಅಂಚಲ್ಲಿ ಹಳೇ ಬಣ್ಣದ ಚಿತ್ರದ ತುಣುಕುಗಳು ಇನ್ನೂ ಕಾಣುತ್ತವೆ. ಇಂಥದ್ದು ಯಾವುದೂ ಹತ್ತಿರ ಇಲ್ಲ ಅನ್ನುವವರ ಊರಲ್ಲೂ ರಂಗೋಲಿ ಹಾಕುವ ಅಜ್ಜಿ ಇರುತ್ತಾರೆ, ಅಲ್ವಾ? ಅವರನ್ನು ಒಂದು ದಿನ ಶಾಲೆಗೆ ಕರೆಯಿರಿ. ಕುರ್ಚಿ ಹಾಕಿ, ಟೀಚರ್ ಅಂತಲೇ ಪರಿಚಯ ಮಾಡಿಸಿ. ಆದರೆ ಸುಮ್ನೆ ಒಂದು ದಿನದ ಪ್ರದರ್ಶನ ಮಾಡಿಸಿ ಕಳಿಸಬೇಡಿ, ಆಗುವುದಾದರೆ ಎರಡು ಮೂರು ಸಲ ಬರಲಿ, ಮಕ್ಕಳ ಕೈ ತಿದ್ದಲಿ. ಬಂದವರ ಬಸ್ ಚಾರ್ಜು, ಊಟ, ಅಂದಿನ ಕೂಲಿ ಇಷ್ಟನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಮೊದಲೇ ಕೇಳಿಟ್ಟುಕೊಳ್ಳಿ.

ಪ್ರತಿಭಾ ಕಾರಂಜಿ ಸ್ಪರ್ಧೆ, ಡ್ರಾಯಿಂಗಿನ ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆ ಬಗ್ಗೆ ನಿಮಗೇ ಗೊತ್ತಿದೆ. ಆಸೆ ಇರುವ ಮಕ್ಕಳನ್ನು ಕೂರಿಸಿ, ಸರ್ಟಿಫಿಕೇಟ್ ಬಂದರೆ ಮನೆಯವರಿಗೂ ನಂಬಿಕೆ ಬರುತ್ತದೆ. ಆದರೆ ಆ ಐದಾರು ಮಕ್ಕಳಿಗೇ ಇಡೀ ಕ್ಲಾಸನ್ನು ಮೀಸಲಿಡಬೇಡಿ. ಚಪ್ಪಲಿ ಬಿಡಿಸಿದ ನನ್ನ ಹುಡುಗ ಯಾವ ಸ್ಪರ್ಧೆಗೂ ಹೋದವನಲ್ಲ.

ರೂಮಿನ ಚಿಂತೆ ಕೊನೆಗೆ ಇರಲಿ. ಕಾರಿಡಾರಿನ ಗೋಡೆಗೆ ಒಂದು ಹಗ್ಗ ಕಟ್ಟಿ, ಬಟ್ಟೆ ಕ್ಲಿಪ್ಪಲ್ಲಿ ಎಲ್ಲರ ಹಾಳೆಯನ್ನೂ ನೇತುಹಾಕಿ, ಚೆನ್ನಾಗಿರುವುದನ್ನು ಮಾತ್ರ ಆರಿಸಬೇಡಿ. ಪ್ರತಿ ಹಾಳೆಯ ಕೆಳಗೆ ಹೆಸರು, ತಾರೀಖು ಇರಲಿ. ಪೋಷಕರ ಸಭೆ ಇರುವ ದಿನ ಆ ಹಗ್ಗದ ಹತ್ತಿರ ನೀವೂ ನಿಂತಿರಿ, ಎಚ್‌ಎಂ ಅವರನ್ನೂ ಕರೆದು ನಿಲ್ಲಿಸಿಕೊಳ್ಳಿ. ಮುಂದಿನ ವರ್ಷದ ಟೈಮ್‌ಟೇಬಲ್ ಮಾತು ಎತ್ತುವುದಕ್ಕೆ ಅದಕ್ಕಿಂತ ಒಳ್ಳೇ ಜಾಗ ಇಲ್ಲ.