ಗ್ರೌಲ್ ಇಲ್ಲದ ಓಪೆತ್

2011ರ ಸೆಪ್ಟೆಂಬರಿನಲ್ಲಿ ಸ್ವೀಡನ್ನಿನ ಮೆಟಲ್ ಬ್ಯಾಂಡ್ ಓಪೆತ್‌ನ ‘ಹೆರಿಟೇಜ್’ ಆಲ್ಬಮ್ ಬಂತು. ಹಾಕಿದ ಕೂಡಲೇ ಕೇಳಿಸುವುದು ಬರೀ ಪಿಯಾನೊ. ಆಮೇಲೆ ಎಪ್ಪತ್ತರ ದಶಕದ ರಾಕ್ ನೆನಪಿಸುವ ಗಿಟಾರ್, ಆರ್ಗನ್, ಟೇಪಿನಲ್ಲಿ ಹಿಡಿದಿಟ್ಟ ವಾದ್ಯಗಳ ದನಿ ನುಡಿಸುವ ಮೆಲ್ಲೊಟ್ರಾನ್ ಎಂಬ ಕೀಬೋರ್ಡ್. ಬ್ಯಾಂಡಿನ ಗಾಯಕ ಮೈಕಲ್ ಓಕರ್‌ಫೆಲ್ಟ್ ಹಾಡುತ್ತಾರೆ, ಸೊಗಸಾಗಿಯೇ ಹಾಡುತ್ತಾರೆ. ಆದರೆ ಅವರ ಗ್ರೌಲ್ ಎಲ್ಲೂ ಇಲ್ಲ. ಆ ಗುಡುಗುವ ದನಿಗೆ ಮನಸೋತಿದ್ದ ಎಷ್ಟೋ ಅಭಿಮಾನಿಗಳು ಸಿಟ್ಟಾದರು. ಹೊಸದನ್ನು ಒಪ್ಪದ ಹಠಮಾರಿಗಳು ಅಂತ ಅವರನ್ನು ತಳ್ಳಿಹಾಕುವುದು ಸುಲಭ. ನಾನು ಅದನ್ನು ಒಪ್ಪುವುದಿಲ್ಲ. ಅವರ ಬೇಸರಕ್ಕೆ ಕಿವಿಯಲ್ಲೂ ಮಿದುಳಿನಲ್ಲೂ ಕಾರಣಗಳಿವೆ.

ಮೊದಲು ಗಂಟಲಿನೊಳಗೆ ಇಣುಕೋಣ. ಮಾತಾಡುವಾಗ ನಮ್ಮ ಧ್ವನಿತಂತುಗಳು ಸೆಕೆಂಡಿಗೆ ನೂರು, ಇನ್ನೂರು ಸಲ ಹೆಚ್ಚುಕಡಿಮೆ ಒಂದೇ ಸಮನೆ ಅದುರುತ್ತವೆ. ಅವುಗಳ ತುಸು ಮೇಲೆ ಇನ್ನೊಂದು ಜೊತೆ ಮಡಿಕೆಗಳಿವೆ. ಇವನ್ನು ಹುಸಿ ಧ್ವನಿತಂತುಗಳು ಅನ್ನಬಹುದು. ಮಾತಿನಲ್ಲಿ ಇವುಗಳ ಪಾತ್ರ ಕಡಿಮೆ. ಕೆಮ್ಮುವಾಗ, ಭಾರ ಎತ್ತಲು ಉಸಿರು ಬಿಗಿಹಿಡಿದಾಗ ಇವು ಒತ್ತಿಕೊಳ್ಳುತ್ತವೆ. ಗ್ರೌಲ್ ಮಾಡುವವರು ಈ ಮಡಿಕೆಗಳನ್ನು ಹತ್ತಿರ ತಂದು, ಉಸಿರಿನ ಒತ್ತಡದಿಂದಲೇ ಅದುರಿಸುತ್ತಾರೆ. ಆ ಅದುರಾಟ ನಿಧಾನ, ಮತ್ತು ಒಂದೇ ಸಮನೆ ಇರುವುದಿಲ್ಲ. ಕೆಳಗಿನದೂ ಮೇಲಿನದೂ ಬೆರೆತು ದನಿಗೆ ಗರಗಸದ ಹಲ್ಲು ಬಂದಂತಾಗುತ್ತದೆ. ದಕ್ಷಿಣ ಸೈಬೀರಿಯಾದ ತುವಾ ಗಾಯಕರ ಕರ್ಗಿರಾ ಶೈಲಿಯಲ್ಲೂ ಇದೇ ಮಡಿಕೆಗಳು ಕೆಲಸ ಮಾಡುತ್ತವೆ. ಅಲ್ಲಿ ಕೆಳಗಿನ ತಂತುಗಳು ಎರಡು ಸಲ ಅದುರಿದರೆ ಇವು ಒಂದು ಸಲ. ಹಾಗಾಗಿ ಸ್ವರ ಒಂದು ಸ್ಥಾಯಿ ಕೆಳಗಿಳಿಯುತ್ತದೆ.

ಇಂಥ ದನಿ ಕಿವಿಗೆ ಒರಟು. ನರವಿಜ್ಞಾನಿ ಲೂಕ್ ಅರ್ನಾಲ್ ಮತ್ತು ಸಂಗಡಿಗರು 2015ರಲ್ಲಿ ಮನುಷ್ಯರ ಕಿರುಚಾಟವನ್ನು ಪರೀಕ್ಷಿಸಿದರು. ಕಿರುಚಿದಾಗ ದನಿಯ ಜೋರು ಸೆಕೆಂಡಿಗೆ 30ರಿಂದ 150 ಸಲ ಏರಿಳಿಯುತ್ತದೆ. ಸಾಮಾನ್ಯ ಮಾತು ಈ ವಲಯಕ್ಕೆ ಹೆಚ್ಚಾಗಿ ಕಾಲಿಡುವುದಿಲ್ಲ. ಈ ಒರಟುತನ ಜಾಸ್ತಿಯಾದಷ್ಟೂ ಕೇಳುಗರಿಗೆ ದಿಗಿಲು ಜಾಸ್ತಿ. ಅಪಾಯ ಗುರುತಿಸುವ ಮಿದುಳಿನ ಭಾಗ ಅಮಿಗ್ಡಲ ಕೂಡ ಅಷ್ಟೇ ಜೋರಾಗಿ ಸ್ಪಂದಿಸುತ್ತದೆ. ಹೊಸಬರು ಗ್ರೌಲ್ ಕೇಳಿ ಬೆಚ್ಚಿಬೀಳುವುದು ಸುಮ್ನೆ ಅಲ್ಲ. ಆದರೆ ಸಿಡ್ನಿಯ ಮ್ಯಾಕ್ವಾರಿ ವಿಶ್ವವಿದ್ಯಾಲಯದ ವಿಲಿಯಂ ಥಾಂಪ್ಸನ್ ತಂಡ ಗ್ರೌಲ್ ತುಂಬಿದ ಡೆತ್ ಮೆಟಲ್ ಸಂಗೀತ ಕೇಳಿಸಿದಾಗ ಅಭಿಮಾನಿಗಳು ಹೇಳಿಕೊಂಡದ್ದು ಸಂತೋಷ, ನೆಮ್ಮದಿ. ಅದೇ ಸಂಗೀತ ಉಳಿದವರಿಗೆ ಕೊಟ್ಟದ್ದು ಸಿಟ್ಟು, ಬಿಗಿತ.

ಓಪೆತ್ ಮೋಡಿ ಇಷ್ಟೇ ಅಲ್ಲ. 2001ರ ‘ಬ್ಲಾಕ್‌ವಾಟರ್ ಪಾರ್ಕ್’ ಆಲ್ಬಮ್ ಕೇಳಿ. ಹತ್ತು ಹನ್ನೆರಡು ನಿಮಿಷದ ಹಾಡಿನ ನಡುವೆ ಎಲ್ಲ ತಣ್ಣಗಾಗಿ, ಅಕೌಸ್ಟಿಕ್ ಗಿಟಾರ್ ಮಾತ್ರ ಉಳಿಯುತ್ತದೆ. ಏನೋ ಬರಲಿದೆ ಅಂತ ಗೊತ್ತು. ಆಮೇಲೆ ಡ್ರಮ್, ಗಿಟಾರ್, ಗ್ರೌಲ್ ಒಟ್ಟಿಗೆ ಅಪ್ಪಳಿಸುತ್ತವೆ. ಮಾಂಟ್ರಿಯಲ್‌ನ ವಿಜ್ಞಾನಿಗಳು 2011ರಲ್ಲೇ, ಅಂದರೆ ‘ಹೆರಿಟೇಜ್’ ಬಂದ ವರ್ಷವೇ, ಸಂಗೀತ ಕೇಳಿ ರೋಮಾಂಚನಗೊಳ್ಳುವವರ ಮಿದುಳಿನ ಚಿತ್ರ ತೆಗೆದರು. ರೋಮಾಂಚನದ ಘಳಿಗೆಯಲ್ಲಿ ಸುಖದ ಜೊತೆ ನಂಟಿರುವ ರಾಸಾಯನಿಕ ಡೋಪಮಿನ್ ಬಿಡುಗಡೆಯಾಗುವುದು ಒಂದು ಭಾಗದಲ್ಲಿ. ಅದಕ್ಕೆ ಮುಂಚೆ, ಬರೀ ಕಾಯುತ್ತಿರುವಾಗ, ಇನ್ನೊಂದು ಭಾಗದಲ್ಲಿ. ಕಾಯುವುದೂ ಸುಖದ ಪಾಲೇ! ‘ಹೆರಿಟೇಜ್’ ಕೇಳುವ ಹಳೇ ಅಭಿಮಾನಿ ಪ್ರತಿ ಮೆಲುದನಿಯ ಜಾಗದಲ್ಲೂ ಕಾಯುತ್ತಾನೆ. ಅಪ್ಪಳಿಸುವುದು ಬರುವುದೇ ಇಲ್ಲ. ಹಾಡು ಚೆನ್ನಾಗಿದ್ದರೂ ಮೋಸಹೋದ ಹಾಗೆ ಅನ್ನಿಸುತ್ತದೆ.

ಇನ್ನೊಂದು ಸಂಗತಿ ನೋಡಿ. 2003ರ ‘ಡ್ಯಾಮ್ನೇಷನ್’ನಲ್ಲೂ ಗ್ರೌಲ್ ಇರಲಿಲ್ಲ. ಆಗ ಇಷ್ಟು ಗಲಾಟೆ ಆಗಲಿಲ್ಲ. ಯಾಕೆಂದರೆ ಅದರ ಜೊತೆಗೇ ಮಾಡಿದ, ಭಾರೀ ಮೆಟಲ್ ತುಂಬಿದ ‘ಡೆಲಿವರೆನ್ಸ್’ ಕೆಲವೇ ತಿಂಗಳ ಹಿಂದೆ ಬಂದಿತ್ತು. ಇದು ಅದರ ಮೆತ್ತನೆಯ ಜೋಡಿ ಅಂತ ಎಲ್ಲರಿಗೂ ಗೊತ್ತಿತ್ತು. ಅದೇ ಬ್ಯಾಂಡ್, ಅದೇ ತಿಳಿಯಾದ ಗಾಯನ. ಬದಲಾಗಿದ್ದು ಕೇಳುವವರ ನಿರೀಕ್ಷೆ ಅಂತ ನನಗನ್ನಿಸುತ್ತದೆ.

‘ಹೆರಿಟೇಜ್’ ಒಳ್ಳೆಯ ಆಲ್ಬಮ್, ಅದನ್ನು ಹೇಳಲೇಬೇಕು. ಮೆಟಲ್ ಗಿಟಾರಿನ ಆ ಗರಗರ ದನಿ, ಡಿಸ್ಟಾರ್ಷನ್, ಹೇಗೆ ಹುಟ್ಟುತ್ತದೆ ಗೊತ್ತಲ್ವಾ? ಆಂಪ್ಲಿಫೈಯರ್ ತಾಳಿಕೊಳ್ಳಲಾರದಷ್ಟು ಸಿಗ್ನಲ್ ಕೊಟ್ಟಾಗ ಅಲೆಯ ತುದಿಗಳು ಚಪ್ಪಟೆಯಾಗುತ್ತವೆ. ಆಗ ಮೂಲ ಸ್ವರದ ಎರಡರಷ್ಟು, ಮೂರರಷ್ಟು, ಅದಕ್ಕೂ ಮೇಲಿನ ಆವರ್ತನಗಳು ಹೊಸದಾಗಿ ಹುಟ್ಟಿ ಜಾಗವೆಲ್ಲ ತುಂಬುತ್ತವೆ. ಹತ್ತಿರದ ಆವರ್ತನದಲ್ಲಿ ಜೋರಾದ ಸದ್ದಿದ್ದರೆ ಸಣ್ಣ ಸದ್ದನ್ನು ಕಿವಿ ಹಿಡಿಯಲಾರದು. ಮೆಟಲ್‌ನಲ್ಲಿ ಬಾಸ್ ಗಿಟಾರ್ ಎಷ್ಟೋ ಸಲ ಕಳೆದುಹೋಗುವುದು ಹೀಗೆ. ಈ ಆಲ್ಬಮ್‌ನಲ್ಲಿ ಡಿಸ್ಟಾರ್ಷನ್ ಇಳಿಸಿದ್ದಾರೆ. ಮಾರ್ಟಿನ್ ಮೆಂಡೆಸ್ ಅವರ ಬಾಸ್‌ನ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳುತ್ತದೆ. ಡ್ರಮ್ಮರ್ ಸಿಂಬಲ್ ಅನ್ನು ಮೆಲ್ಲಗೆ ಸವರಿದ್ದೂ ಕೇಳುತ್ತದೆ. ಗ್ರೌಲ್‌ಗಾಗಿ ಕಾಯುವುದನ್ನು ಬಿಟ್ಟು ಬಾಸ್ ಹಿಂದೆ ಹೋಗಿ, ಆಲ್ಬಮ್ ಬೇರೆಯೇ ಆಗುತ್ತದೆ. ಮತ್ತೆ ಮತ್ತೆ ಎದುರಾದದ್ದು ಹಿತವಾಗುತ್ತಾ ಹೋಗುತ್ತದೆ ಅಂತ ಮನೋವಿಜ್ಞಾನಿ ರಾಬರ್ಟ್ ಝಯಾನ್ಸ್ 1968ರಲ್ಲೇ ತೋರಿಸಿದ್ದರು. ಒಂದೇ ಸಲ ಕೇಳಿ ತೀರ್ಪು ಕೊಡಬೇಡಿ.

ಆಮೇಲೆ 2014, 2016, 2019ರಲ್ಲಿ ಬಂದ ಆಲ್ಬಮ್‌ಗಳಲ್ಲೂ ಗ್ರೌಲ್ ಇರಲಿಲ್ಲ. 2024ರ ನವೆಂಬರಿನ ‘ದಿ ಲಾಸ್ಟ್ ವಿಲ್ ಆ್ಯಂಡ್ ಟೆಸ್ಟಮೆಂಟ್’ನಲ್ಲಿ ಅದು ಮರಳಿ ಬಂತು. ಹಳಬರು ಕುಣಿದಾಡಿದರು. ನಡುವಿನ ಆ ವರ್ಷಗಳಲ್ಲಿ ಓಪೆತ್‌ಗೆ ಒಲಿದವರ ಕಿವಿ ಪಳಗಿದ್ದು ಮೆಲ್ಲೊಟ್ರಾನ್‌ಗೆ, ತಿಳಿಯಾದ ಗಾಯನಕ್ಕೆ. ಈ ಸಲ ಬೆಚ್ಚಿಬೀಳುವ ಸರದಿ ಅವರದು.