ನಂದಿ ಬೆಟ್ಟಕ್ಕೆ ಆರೂವರೆ ಮೀಟರ್ ಎಲ್ಲಿಂದ ತರುವುದು?

ದಸರಾದಲ್ಲಿ ಬೊಂಬೆ ಕೂರಿಸುವ ಮನೆಗಳಲ್ಲಿ ಮೆಟ್ಟಿಲುಗಳ ಕೆಳಗೆ ಒಂದು ಪುಟ್ಟ ಊರು ಇರುತ್ತದೆ. ತಟ್ಟೆಯಲ್ಲಿ ಮೊಳಕೆ ಬರಿಸಿದ ರಾಗಿ ಪೈರು, ಕನ್ನಡಿ ತುಂಡಿನ ಕೆರೆ, ಅದರ ಸುತ್ತ ಕೀಲಿ ಕೊಟ್ಟ ರೈಲು. ಅಂಗಡಿ ಮುಂದೆ ಕೂತ ಶೆಟ್ಟರು ಎಂಜಿನ್ನಿಗಿಂತ ಎತ್ತರ. ಪಕ್ಕದ ಹಸು ಅವರ ಮೊಣಕಾಲಿಗೂ ಬಾರದು. ಯಾರೂ ತಕರಾರು ತೆಗೆಯುವುದಿಲ್ಲ, ಅದು ಹಬ್ಬ. ಮಾದರಿ ರೈಲು ಕಟ್ಟುವವರು ಮಾತ್ರ ಇಲ್ಲೊಂದು ಹಟ ಹಿಡಿಯುತ್ತಾರೆ: ಶೆಟ್ಟರು, ಹಸು, ಎಂಜಿನ್, ಹಳಿ ಎಲ್ಲವೂ ಒಂದೇ ಲೆಕ್ಕದಲ್ಲಿ ಕಿರಿದಾಗಬೇಕು. ಹಾಗೆ ಹೊರಟ ಕೂಡಲೇ ಭೌತವಿಜ್ಞಾನ ಅಡ್ಡ ಬರುತ್ತದೆ. ಉದ್ದ ಹೇಳಿದ ಮಾತು ಕೇಳುತ್ತದೆ. ತೂಕ, ನೀರು, ದೂಳು ಕೇಳುವುದಿಲ್ಲ.

ನಮ್ಮ ಸೀಮೆಯವರು ಯಾವ ರೈಲು ಕಟ್ಟಬೇಕು ಎಂದು ಕೇಳಿದರೆ ನನ್ನ ಉತ್ತರ ಒಂದೇ. ಯಲಹಂಕದಿಂದ ದೇವನಹಳ್ಳಿ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ, ಕೋಲಾರದ ಮೇಲೆ ಬಂಗಾರಪೇಟೆಗೆ ಹೋಗುತ್ತಿದ್ದ ಹಳೇ ನ್ಯಾರೋಗೇಜ್ ಲೈನು. ಬಂಗಾರಪೇಟೆ–ಕೋಲಾರದ ತುಂಡು 1913ರಲ್ಲಿ, ಚಿಕ್ಕಬಳ್ಳಾಪುರದ ತುಂಡು 1915ರ ಸುಮಾರಿಗೆ ಶುರುವಾದವು. ನಂದಿಯ ಬುಡದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರೇ ಆಗ ಮೈಸೂರಿನ ದಿವಾನರು. ಹಳಿಗಳ ನಡುವಿನ ಅಂತರ ಬರೀ ಎರಡೂವರೆ ಅಡಿ, 762 ಮಿ.ಮೀ. ಈಗ ಆ ಹಳಿ ಇಲ್ಲ. ಚಿಕ್ಕಬಳ್ಳಾಪುರ–ಕೋಲಾರ ಭಾಗದಲ್ಲೂ 2013ರಲ್ಲಿ ಬ್ರಾಡ್‌ಗೇಜ್ ರೈಲು ಬಂತು.

ಊರಿನ ಅಭಿಮಾನಕ್ಕಷ್ಟೇ ಹೇಳುತ್ತಿಲ್ಲ, ಲೆಕ್ಕವೂ ಈ ಲೈನಿನ ಪರವಾಗಿದೆ. ಮಾದರಿ ರೈಲಿನವರು ಹೆಚ್ಚಾಗಿ ಬಳಸುವ ಅಳತೆ ‘ಎಚ್‌ಒ’, ಅಂದರೆ ನಿಜದ 87ನೇ ಒಂದು ಪಾಲು. ಅಂಗಡಿಯಲ್ಲಿ ಸಿಗುವ ಎಚ್‌ಒ ಹಳಿಯ ಅಗಲ 16.5 ಮಿ.ಮೀ. ಅದನ್ನು 87ರಿಂದ ಗುಣಿಸಿದರೆ 1435 ಮಿ.ಮೀ. ಬರುತ್ತದೆ. ಯುರೋಪಿನ ಬಹುಪಾಲು ರೈಲುಗಳ ಗೇಜು ಅದು, ನಮ್ಮ ಮೆಟ್ರೊದ್ದೂ ಅದೇ. ಆದರೆ ಭಾರತದ ಬ್ರಾಡ್‌ಗೇಜು 1676 ಮಿ.ಮೀ.; ಅದಕ್ಕೆ 19 ಮಿ.ಮೀ.ಗಿಂತ ಅಗಲದ ಹಳಿ ಬೇಕು. ಸಿಗುವ ಹಳಿಯ ಮೇಲೆ ನಮ್ಮ ಬ್ರಾಡ್‌ಗೇಜ್ ಎಂಜಿನ್ ನಿಲ್ಲಿಸಿದರೆ ಕಾಲು ಜೋಡಿಸಿಕೊಂಡು ನಿಂತಂತೆ ಕಾಣುತ್ತದೆ. ನ್ಯಾರೋಗೇಜಿನ 762ನ್ನು 87ರಿಂದ ಭಾಗಿಸಿ ನೋಡಿ: 8.76. ‘ಎನ್’ ಎಂಬ ಇನ್ನೂ ಚಿಕ್ಕ ಅಳತೆಯ ರೈಲುಗಳಿಗೆಂದು ತಯಾರಾಗುವ ಹಳಿಯ ಅಗಲ 9 ಮಿ.ಮೀ. ವ್ಯತ್ಯಾಸ ಕಾಲು ಮಿಲಿಮೀಟರ್! ಹಾಗಾಗಿ ಹಳಿಯನ್ನೂ ಎಂಜಿನ್ನಿನ ಚಾಸಿಯನ್ನೂ ಎನ್ ಅಳತೆಯಲ್ಲಿ ಕೊಂಡು, ಮೇಲಿನ ಮೈಯನ್ನು ಎಚ್‌ಒ ಅಳತೆಯಲ್ಲಿ ನಾವೇ ಕಟ್ಟಿ ಕೂರಿಸಬಹುದು. ಒಂದು ಕಡೆ ಮಾತ್ರ ಗುಟ್ಟು ರಟ್ಟಾಗುತ್ತದೆ. ಎನ್ ಹಳಿಯ ಸ್ಲೀಪರ್‌ಗಳು, ಅಂದರೆ ಹಳಿಯ ಕೆಳಗಿನ ಅಡ್ಡಪಟ್ಟಿಗಳು, ಒತ್ತೊತ್ತಾಗಿರುತ್ತವೆ. ಒಂದು ಬಿಟ್ಟು ಒಂದನ್ನು ಕತ್ತರಿಸಿ ತೆಗೆದರೆ ಅಂತರ ಸುಮಾರಾಗಿ ಸರಿಹೋಗುತ್ತದೆ, ಉಳಿದದ್ದನ್ನು ಜಲ್ಲಿ ಮುಚ್ಚುತ್ತದೆ.

ಇನ್ನು ಜಾಗ. ಚಿಕ್ಕಬಳ್ಳಾಪುರದಿಂದ ಕೋಲಾರಕ್ಕೆ ರೈಲುದಾರಿ ಸುಮಾರು 85 ಕಿ.ಮೀ. 87 ಪಟ್ಟು ಕಿರಿದು ಮಾಡಿದರೂ ಹತ್ತಿರ ಹತ್ತಿರ ಒಂದು ಕಿಲೋಮೀಟರ್ ಹಳಿ ಬೇಕು. ನಂದಿ ಬೆಟ್ಟದ ತುದಿ ಸಮುದ್ರಮಟ್ಟದಿಂದ 1478 ಮೀಟರ್, ಚಿಕ್ಕಬಳ್ಳಾಪುರ ಪೇಟೆ 900ರ ಆಸುಪಾಸು. ಲೆಕ್ಕದ ಪ್ರಕಾರ ಮಾದರಿಯ ಬೆಟ್ಟ ಆರೂವರೆ ಮೀಟರ್ ಎದ್ದು ನಿಲ್ಲಬೇಕು; ಯಾವ ಕಲ್ಯಾಣಮಂಟಪದವರು ಒಪ್ಪುತ್ತಾರೆ? ಆದ್ದರಿಂದ ಬೆಟ್ಟ ಹಿಂದಿನ ಪರದೆಯ ಚಿತ್ರವಾಗುತ್ತದೆ. ಬಣ್ಣ ಹಚ್ಚುವಾಗ ಗಾಳಿಯನ್ನು ನೆನಪಿಡಬೇಕು. ದೂರದ ಬೆಟ್ಟಕ್ಕೂ ನಮ್ಮ ಕಣ್ಣಿಗೂ ನಡುವೆ ಇರುವ ಗಾಳಿ ನೀಲಿ ಬೆಳಕನ್ನು ಹೆಚ್ಚು ಚದುರಿಸುವುದರಿಂದ ಬೆಟ್ಟ ಮಾಸಲು ನೀಲಿಯಾಗಿ ಕಾಣುತ್ತದೆ. ಕೋಣೆಯೊಳಗಿನ ಎರಡು ಅಡಿ ಗಾಳಿ ಆ ಕೆಲಸ ಮಾಡಲಾರದು. ಕುಂಚವೇ ಮಾಡಬೇಕು.

ಇಡೀ ಲೈನು ಕಟ್ಟುವ ಆಸೆ ಬಿಟ್ಟು ಒಂದೇ ಸ್ಟೇಷನ್ ಆರಿಸಿಕೊಳ್ಳುವುದು ಜಾಣತನ. ನಾನಾದರೆ ಶಿಡ್ಲಘಟ್ಟ ಎನ್ನುತ್ತೇನೆ. ಪ್ಲಾಟ್‌ಫಾರಂ ಹಿಂದೆ ಸಾಲು ಹಿಡಿದ ಹಿಪ್ಪುನೇರಳೆ ತೋಟ, ಕಲ್ಲುಚಪ್ಪಡಿ ನೆಟ್ಟ ಬೇಲಿ, ರೇಷ್ಮೆಹುಳು ಮನೆಯ ಗೋಡೆಗೆ ಒರಗಿಸಿದ, ಹುಳು ಗೂಡು ಕಟ್ಟುವ ಚಂದ್ರಿಕೆಗಳು. ಆರಡಿ–ನಾಲ್ಕಡಿಯ ಬಿದಿರಿನ ಚಂದ್ರಿಕೆ ಈ ಅಳತೆಯಲ್ಲಿ ಎರಡು ಸೆಂಟಿಮೀಟರ್ ಉದ್ದದ ಚೂರು. ಅಷ್ಟು ಸಣ್ಣದರ ಮೇಲೆ ಸುರುಳಿ ಸುರುಳಿ ಬಿದಿರ ಪಟ್ಟಿ ತೋರಿಸಿದರೆ ಊರಿನವರಿಗೆ ಬೋರ್ಡು ಓದುವ ಮೊದಲೇ ಊರು ಗೊತ್ತಾಗುತ್ತದೆ. ಸ್ಟೇಷನ್ ಕಟ್ಟಡಕ್ಕೆ ಅಳತೆ ಬೇಕಿದ್ದರೆ ಇದೇ ಲೈನಿನ ನಂದಿ ಹಾಲ್ಟ್‌ಗೆ ಹೋಗಿ ಬರಬಹುದು. ಪಾರಂಪರಿಕ ಕಟ್ಟಡಗಳನ್ನು ಕಾಪಾಡುವ ಇಂಟ್ಯಾಕ್ ಸಂಸ್ಥೆ ಜೀರ್ಣೋದ್ಧಾರ ಮಾಡಿದ ಹಳೆಯ ನಿಲ್ದಾಣ ಅದು. ಗೋಡೆ ಪಕ್ಕ ಒಂದು ಮೀಟರ್ ಕೋಲು ನಿಲ್ಲಿಸಿ ಎದುರಿನಿಂದ ನೇರವಾಗಿ ಫೋಟೊ ತೆಗೆದರೆ ಉಳಿದ ಅಳತೆಗಳು ಆ ಫೋಟೊದಿಂದಲೇ ಸಿಗುತ್ತವೆ.

ಹಳಿಗೆ ಜಲ್ಲಿ ಹಾಕುವ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಭಾರತೀಯ ರೈಲ್ವೆಯ ಜಲ್ಲಿಕಲ್ಲು ದೊಡ್ಡದೆಂದರೆ 65 ಮಿ.ಮೀ.; ಮಾದರಿಗೆ ಅದು ಮುಕ್ಕಾಲು ಮಿಲಿಮೀಟರ್. ಅಂದರೆ ಜರಡಿ ಹಿಡಿದ ಮರಳು. ಹೊಲದ ಕೆಮ್ಮಣ್ಣು ಬಳಸುವುದಾದರೆ ಒಣಗಿಸಿ, ಜರಡಿ ಹಿಡಿದು, ಕಾಗದದ ಮೇಲೆ ಹರಡಿ ಅಯಸ್ಕಾಂತ ಆಡಿಸಬೇಕು. ಕಬ್ಬಿಣದ ಅಂಶವಿರುವ ಕಪ್ಪು ಕಣಗಳು ಮೀಸೆಯಂತೆ ಅಂಟಿಕೊಂಡು ಬರುತ್ತವೆ. ಅವನ್ನು ಮಣ್ಣಿನಲ್ಲೇ ಬಿಟ್ಟರೆ ಎಂಜಿನ್ನಿನ ಮೋಟಾರಿನಲ್ಲಿರುವ ಅಯಸ್ಕಾಂತ ಒಂದೊಂದಾಗಿ ಒಳಗೆಳೆದುಕೊಳ್ಳುತ್ತದೆ.

ಜಲ್ಲಿ ಹರಡಿ, ಸ್ಲೀಪರ್ ಮೇಲೆ ಬಿದ್ದದ್ದನ್ನು ಕುಂಚದಿಂದ ಸರಿಸಿದ ಮೇಲೆ ನೀರು ಬೆರೆಸಿದ ಫೆವಿಕಾಲನ್ನು ಡ್ರಾಪರ್‌ನಿಂದ ಬಿಡಬೇಕು. ಮೊದಲ ಹನಿಯೇ ಕೈಕೊಡುತ್ತದೆ. ಒಳಗಿಳಿಯದೆ ಗುಂಡಗೆ ನಿಂತು, ಸುತ್ತಲಿನ ಮರಳನ್ನೆಲ್ಲ ಮೈಗೆ ಮೆತ್ತಿಕೊಂಡು ಉರುಳುತ್ತದೆ. ಅದು ನಿಂತಿದ್ದ ಕಡೆ ಗುಳಿ ಬೀಳುತ್ತದೆ. ರೈಲನ್ನು ಕಿರಿದು ಮಾಡಿದೆವು, ನೀರಿನ ಹನಿಯನ್ನು ಮಾಡಲಾಗಲಿಲ್ಲ. ಮೂರು ಮಿಲಿಮೀಟರ್ ಹನಿ ಈ ಪುಟ್ಟ ಲೋಕದಲ್ಲಿ ಕಾಲು ಮೀಟರ್ ದಪ್ಪದ ನೀರಿನ ಗುಂಡು. ಇಷ್ಟು ಸಣ್ಣ ಗಾತ್ರದಲ್ಲಿ ಗುರುತ್ವಕ್ಕಿಂತ ಮೇಲ್ಮೈ ಎಳೆತದ್ದೇ ಮೇಲುಗೈ. ಮದ್ದು ಅಡುಗೆಮನೆಯಲ್ಲೇ ಇದೆ: ಪಾತ್ರೆ ತೊಳೆಯುವ ದ್ರವ ಒಂದೆರಡು ತೊಟ್ಟು. ಸೋಪಿನ ಅಣುಗಳು ನೀರಿನ ಮೇಲ್ಮೈಗೆ ಬಂದು ಆ ಎಳೆತವನ್ನು ಸಡಿಲಿಸುತ್ತವೆ, ಅಂಟು ಸದ್ದಿಲ್ಲದೆ ಮರಳಿನೊಳಗೆ ಇಳಿಯುತ್ತದೆ.

ತೂಕದ್ದು ಇನ್ನೊಂದು ತರಲೆ. ಉದ್ದ 87 ಪಟ್ಟು ಇಳಿದರೆ ಗಾತ್ರ, ಜೊತೆಗೆ ತೂಕ, 87ರ ಘನದಷ್ಟು ಅಂದರೆ ಆರೂವರೆ ಲಕ್ಷ ಪಟ್ಟು ಇಳಿಯುತ್ತದೆ. 25 ಟನ್ನಿನ ಎಂಜಿನ್ 38 ಗ್ರಾಂ ಆಗಿಬಿಡುತ್ತದೆ. ಹತ್ತು ರೂಪಾಯಿಯ ಐದು ನಾಣ್ಯಗಳ ತೂಕ. ಎಂಜಿನ್ ಎಷ್ಟು ಎಳೆಯಬಲ್ಲದು ಎನ್ನುವುದು ಚಕ್ರ ಹಳಿಯನ್ನು ಎಷ್ಟು ಒತ್ತುತ್ತದೆ ಎನ್ನುವುದರ ಮೇಲೆ ನಿಂತಿದೆ. ಹಗುರ ಎಂಜಿನ್ ನಿಂತಲ್ಲೇ ಚಕ್ರ ತಿರುಗಿಸುತ್ತದೆ. ಅದಕ್ಕೇ ಒಳಗೆ ಎಲ್ಲೆಲ್ಲಿ ಸಂದು ಸಿಗುತ್ತದೋ ಅಲ್ಲೆಲ್ಲ ಸೀಸದ ಚೂರು ತುಂಬುತ್ತಾರೆ. ಅಳತೆಯ ಶುದ್ಧಿಯನ್ನು ಬಲಿಗೊಟ್ಟ ಮೇಲೆಯೇ ರೈಲು ಓಡುತ್ತದೆ.

ದೂಳಿನ ಕಾಟಕ್ಕೂ ತೂಕಕ್ಕೂ ನಂಟಿದೆ. ಇಂಥ ಎಂಜಿನ್ನುಗಳಿಗೆ ಸಾಮಾನ್ಯವಾಗಿ 12 ವೋಲ್ಟ್‌ವರೆಗಿನ ಕರೆಂಟು ಎರಡು ಹಳಿಗಳ ಮೂಲಕವೇ, ಚಕ್ರ ಮುಟ್ಟುವ ಸೂಜಿಮೊನೆಯಷ್ಟು ಜಾಗದಿಂದ ಹೋಗುತ್ತದೆ. 0.1 ಮಿ.ಮೀ. ದೂಳಿನ ಕಣ ಮಾದರಿ ಚಕ್ರದ ಪಾಲಿಗೆ 9 ಮಿ.ಮೀ. ಕಲ್ಲು. ನಿಜದ ಎಂಜಿನ್ ಅಂಥ ಕಲ್ಲನ್ನು ಪುಡಿ ಮಾಡಿ ಮುಂದೆ ಹೋಗುತ್ತದೆ. ನಮ್ಮದು ಅದರ ಮೇಲೆ ಹತ್ತಿ ಕರೆಂಟು ಕಳೆದುಕೊಂಡು ನಿಲ್ಲುತ್ತದೆ. ಮಾಗಿ ಮುಗಿದು ಬಿಸಿಲು ಏರಿದ ಮೇಲೆ ನಮ್ಮ ಕಡೆ ಮನೆಯೊಳಗೆ ಎಷ್ಟು ಕೆಂದೂಳು ಕೂರುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಹಗುರವಾದದ್ದರಿಂದ ಇನ್ನೊಂದು ತೊಂದರೆ ಎಂದು ಅನೇಕರು ತಿಳಿದಿದ್ದಾರೆ: ಕರೆಂಟು ತಪ್ಪಿದರೆ ರೈಲು ತನ್ನ ಓಟದ ಬಲದಲ್ಲಿ ಉರುಳದೆ ಗಕ್ಕನೆ ನಿಲ್ಲುವುದು. ಇಲ್ಲಿ ತಪ್ಪು ತೂಕದ್ದಲ್ಲ, ವೇಗದ್ದು. ಕರೆಂಟು ಕಡಿದ ಮೇಲೆ ಉರುಳುವ ದೂರ ವೇಗದ ವರ್ಗದ ಲೆಕ್ಕದಲ್ಲಿ ಬದಲಾಗುತ್ತದೆ. ವೇಗ 87 ಪಟ್ಟು ಇಳಿದರೆ ದೂರ 87 ಗುಣಿಸು 87, ಅಂದರೆ 7569 ಪಟ್ಟು ಇಳಿಯುತ್ತದೆ. ಕಣ್ಣಿಗೆ ಸಹಜ ಕಾಣಲು ಅದು 87 ಪಟ್ಟು ಮಾತ್ರ ಇಳಿಯಬೇಕಿತ್ತು. ಮೋಟಾರಿನ ಅಚ್ಚಿಗೆ ಭಾರದ ಹಿತ್ತಾಳೆ ಗಾಲಿ ಕೂರಿಸಿದರೆ ಅದರ ತಿರುಗುವ ಬಲ ಸ್ವಲ್ಪ ದೂರ ತಳ್ಳುತ್ತದೆ. ಡಿಜಿಟಲ್ ನಿಯಂತ್ರಣದ ಎಂಜಿನ್ನುಗಳಲ್ಲಿ ನಿಧಾನಕ್ಕೆ ಹೊರಟು ನಿಧಾನಕ್ಕೆ ನಿಲ್ಲುವಂತೆ ಒಳಗಿನ ಎಲೆಕ್ಟ್ರಾನಿಕ್ ಚಿಪ್ಪೇ ನಟಿಸುತ್ತದೆ.

ಪ್ರದರ್ಶನಕ್ಕೆ ಒಯ್ಯುವ ಯೋಚನೆ ಇದ್ದರೆ ಮೊದಲ ದಿನದಿಂದಲೇ ಲೇಔಟನ್ನು, ಅಂದರೆ ಹಳಿ, ಊರು ಸೇರಿದ ಇಡೀ ಮಾದರಿಯನ್ನು, ನಾಲ್ಕಡಿ–ಎರಡಡಿಯ ಹಲಗೆಗಳಾಗಿ ಕಟ್ಟಬೇಕು. ಎಲ್ಲ ಕಷ್ಟವೂ ಹಲಗೆಗಳು ಕೂಡುವ ಜಾಗದಲ್ಲಿ. ಅಲ್ಲಿ ಅರ್ಧ ಮಿಲಿಮೀಟರ್ ಏರುಪೇರಾದರೂ ನಿಜದ ರೈಲಿಗೆ 43 ಮಿ.ಮೀ. ಮೆಟ್ಟಿಲು ಇಟ್ಟಂತೆ. ಅಂಚಿನಲ್ಲಿ ಹಿತ್ತಾಳೆ ಸ್ಕ್ರೂ ನೆಟ್ಟು, ಹಳಿಯ ತುದಿಯನ್ನು ಅದಕ್ಕೇ ಬೆಸುಗೆ ಹಾಕಿದರೆ ಅಲುಗಾಡುವುದಿಲ್ಲ. ಆದರೆ ಎರಡು ತುದಿ ಬಿಗಿದ ಹಳಿ ಬಿಸಿಲಿಗೆ ಹಿಗ್ಗಿದರೆ ನಡುವೆ ಬಾಗುತ್ತದೆ. ಮಧ್ಯದಲ್ಲಿ ಕೂದಲೆಳೆ ಸಂದು ಬಿಡಬೇಕು. ಟೆಂಪೊದಲ್ಲಿ ಸಾಗಿಸುವಾಗ ಎರಡೆರಡು ಹಲಗೆಗಳನ್ನು ಮುಖಾಮುಖಿ ಕಟ್ಟಿದರೆ ಮರಗಿಡ ಉಳಿಯುತ್ತವೆ.

ನೋಡುಗರದ್ದು ಬೇರೆಯೇ ನ್ಯಾಯ. ಗಂಟೆಗೆ 40 ಕಿ.ಮೀ. ಓಟ ನಮ್ಮ ಅಳತೆಯಲ್ಲಿ ಸೆಕೆಂಡಿಗೆ 13 ಸೆಂ.ಮೀ. ಒಂದು ಹಲಗೆ ದಾಟಲು ಒಂಬತ್ತು ಹತ್ತು ಸೆಕೆಂಡು ಹಿಡಿಯುತ್ತದೆ. ಲೆಕ್ಕ ಸರಿ, ಆದರೆ ಎರಡನೇ ಸುತ್ತಿಗೇ ಮುಂದಿನ ಸಾಲಿನಿಂದ ‘ಅಂಕಲ್, ಜೋರಾಗಿ ಬಿಡಿ’ ಎಂಬ ಕೂಗು ಬರುತ್ತದೆ. ಬಿಡಬಾರದು ಎನ್ನುವ ಮಡಿವಂತರು ನಮ್ಮಲ್ಲಿ ಬಹಳ. ಒಂದು ಸುತ್ತು ಬಿಟ್ಟರೆ ಏನೂ ಆಗುವುದಿಲ್ಲ ಎಂಬುದು ನನ್ನ ಪಕ್ಷ, ಅಕ್ಷರಶಃ. ಸೆಕೆಂಡಿಗೆ ಅರ್ಧ ಮೀಟರ್ ಓಡಿಸಿದರೆ ಅದು ಗಂಟೆಗೆ 157 ಕಿ.ಮೀ. ಆಯಿತು. ಕಾಲು ಮೀಟರ್ ತ್ರಿಜ್ಯದ ತಿರುವು ನಿಜದಲ್ಲಿ 22 ಮೀಟರ್‌ನದು. ಆ ವೇಗದಲ್ಲಿ ಅಂಥ ತಿರುವಿಗೆ ಬಂದ ನಿಜದ ರೈಲು ಗುರುತ್ವದ ಸುಮಾರು ಒಂಬತ್ತು ಪಟ್ಟು ಬಲದಲ್ಲಿ ಹೊರಗೆ ಚಿಮ್ಮುತ್ತದೆ. ಮಾದರಿಯ ಮೇಲೆ ಬೀಳುವುದು ಗುರುತ್ವದ ಹತ್ತನೇ ಒಂದು ಪಾಲು. ರೈಲನ್ನು ಗಕ್ಕನೆ ನಿಲ್ಲಿಸುವ ಆ ವೇಗದ ವರ್ಗದ ಲೆಕ್ಕವೇ ಇಲ್ಲಿ ಅದನ್ನು ಹಳಿಯ ಮೇಲೆ ಹಿಡಿದಿಡುತ್ತದೆ.