ಗಣಿತ ಅಷ್ಟಾಗಿ ಬರೋದಿಲ್ಲ, ಬಿಬಿಎ ಓದಬಹುದಾ?

ಪ್ರಶ್ನೆ: ಬಿಸಿನೆಸ್ ಅಡ್ಮಿನಿಸ್ಟ್ರೇಷನ್‌ನಲ್ಲಿ ಪದವಿ ಮಾಡಬೇಕು ಅನ್ನೋ ಆಸೆ ಇದೆ. ಆದರೆ ಗಣಿತ ಅಂದರೆ ಮೊದಲಿಂದಲೂ ಭಯ. ಹೇಗೋ ಪಾಸಾಗುತ್ತಾ ಬಂದಿದ್ದೇನೆ, ಅಷ್ಟೆ. ಬಿಬಿಎಯಲ್ಲಿ ಗಣಿತ ಎಷ್ಟಿರುತ್ತದೆ? ನನ್ನಂಥವರಿಗೆ ಅದು ಆಗುತ್ತದಾ?

ಉತ್ತರ: ಆಗುತ್ತದೆ. ಶೇಕಡಾ, ಅನುಪಾತ, ಸುಲಭದ ಸಮೀಕರಣ, ಗ್ರಾಫ್ ಓದುವುದು ಇಷ್ಟು ಬಂದರೆ ಮೊದಲ ವರ್ಷದ ಹೆಚ್ಚಿನ ಲೆಕ್ಕಗಳನ್ನು ನೀವು ನಿಭಾಯಿಸಬಹುದು. ರೇಖಾಗಣಿತದ ಪ್ರಮೇಯಗಳು, ತ್ರಿಕೋನಮಿತಿ ನಿಮ್ಮನ್ನು ಹುಡುಕಿಕೊಂಡು ಬರುವುದಿಲ್ಲ. ಹಾಗಂತ "ಬಿಬಿಎಯಲ್ಲಿ ಗಣಿತವೇ ಇರೋದಿಲ್ಲ, ಸುಮ್ನೆ ಸೇರಿಕೋ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಗಣಿತ ಇದೆ, ಅದೂ ಪ್ರತಿ ವರ್ಷ ಇದೆ. ಕಷ್ಟದ ಗಣಿತ ಅಲ್ಲ ಅನ್ನೋದು ನಿಜ. ಆದರೆ ಉತ್ತರ ಬಂದ ಕೂಡಲೇ ಪೆನ್ನು ಕೆಳಗಿಡುವ ಹಾಗಿಲ್ಲ. ಬಂದ ಸಂಖ್ಯೆಯನ್ನು ನೋಡಿ ಏನು ಮಾಡಬೇಕು ಅಂತ ಹೇಳಬೇಕು. ಶಾಲೆಯಲ್ಲಿ ನಮಗೆ ಇದನ್ನು ಯಾರೂ ಕೇಳಿರುವುದಿಲ್ಲ, ಅಲ್ವಾ?

ಮೊದಲು ಲೆಕ್ಕ ಎಲ್ಲೆಲ್ಲಿ ಬರುತ್ತದೆ ಅಂತ ನೋಡೋಣ. ಅಕೌಂಟಿಂಗ್, ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ, ಫೈನಾನ್ಸ್, ಆಪರೇಷನ್ಸ್ (ಸರಕು ತಯಾರಿಸುವ, ತರಿಸುವ ಕೆಲಸದ ನಿರ್ವಹಣೆ) ಇವು ಐದು ಲೆಕ್ಕದ ಕಡೆ ವಾಲಿದ ವಿಷಯಗಳು. ವ್ಯಾಪಾರ ಕಾನೂನು, ಸಂಸ್ಥೆಯೊಳಗಿನ ಜನರ ನಡವಳಿಕೆ, ಮಾರ್ಕೆಟಿಂಗ್, ಮಾನವ ಸಂಪನ್ಮೂಲ, ಬರವಣಿಗೆ ಮತ್ತು ಸಂವಹನ ಇವೆಲ್ಲ ಇನ್ನೊಂದು ಕಡೆ. ಈ ಹಂಚಿಕೆ ಮೊದಲಿಂದ ಹೀಗೇ ಇರಲಿಲ್ಲ. ವಿಶ್ವವಿದ್ಯಾಲಯದೊಳಗೆ ವ್ಯಾಪಾರ ಕಲಿಸುವ ಶಾಲೆ ಅಂತ ಅಮೆರಿಕದಲ್ಲಿ ಮೊದಲು ಶುರುವಾದದ್ದು 1881ರಲ್ಲಿ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವಾರ್ಟನ್ ಶಾಲೆ. ಆಮೇಲೆ ಇಂಥ ಶಾಲೆಗಳು ಬೇಗ ಬೇಗ ಹುಟ್ಟಿಕೊಂಡವು. ಪಾಠದ ಮಟ್ಟ ಮಾತ್ರ ಎಲ್ಲ ಕಡೆ ಒಂದೇ ತರ ಇರಲಿಲ್ಲ. 1959ರಲ್ಲಿ ಫೋರ್ಡ್ ಫೌಂಡೇಷನ್ ಮತ್ತು ಕಾರ್ನೆಗಿ ಸಂಸ್ಥೆಯ ನೆರವಿನಲ್ಲಿ ಎರಡು ದೊಡ್ಡ ವರದಿಗಳು ಹೊರಬಂದವು. ವ್ಯಾಪಾರ ಶಿಕ್ಷಣ ತೀರಾ ಸಡಿಲವಾಗಿದೆ ಅಂತ ಎರಡೂ ಖಡಾಖಂಡಿತವಾಗಿ ಹೇಳಿದವು. ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ, ಮನುಷ್ಯರ ನಡವಳಿಕೆಯ ಅಧ್ಯಯನ ಇವು ಪಠ್ಯದಲ್ಲಿ ಗಟ್ಟಿಯಾಗಿ ಕೂತದ್ದು ಅದರ ನಂತರ. ಇವತ್ತು ನಿಮ್ಮ ಮುಂದೆ ಇರುವ ಪಠ್ಯಕ್ರಮದಲ್ಲೂ ಆ ಬದಲಾವಣೆಯ ಗುರುತಿದೆ.

ಈಗ ಶೇಕಡಾ ವಿಷಯಕ್ಕೆ ಬರುತ್ತೇನೆ. ಇದರ ಮೇಲೆ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಬೇಕು. ಬಿಬಿಎಯಲ್ಲಿ ಜನ ಎಡವುವುದು ದೊಡ್ಡ ಸೂತ್ರಗಳಲ್ಲಲ್ಲ, ಇಲ್ಲೇ.

ಒಂದು ವಸ್ತುವನ್ನು 80ಕ್ಕೆ ಕೊಂಡು 100ಕ್ಕೆ ಮಾರಿದಿರಿ ಅಂದುಕೊಳ್ಳಿ. ಲಾಭ 20. ಇದು ಶೇಕಡಾ ಎಷ್ಟು? ಕೊಂಡ ಬೆಲೆಯ ಮೇಲೆ ನೋಡಿದರೆ 25. ಮಾರಿದ ಬೆಲೆಯ ಮೇಲೆ ನೋಡಿದರೆ 20. ಮೊದಲನೆಯದಕ್ಕೆ ಮಾರ್ಕಪ್ ಅಂತಾರೆ, ಎರಡನೆಯದಕ್ಕೆ ಮಾರ್ಜಿನ್. ಎರಡೂ ಸರಿ. ಆದರೆ ಯಾವುದರ ಮೇಲೆ ಶೇಕಡಾ ತೆಗೆಯುತ್ತಿದ್ದೇನೆ ಅಂತ ಕೇಳಿಕೊಳ್ಳದವರು ಇವೆರಡನ್ನೂ ಕಲಸಿಬಿಡುತ್ತಾರೆ.

ಇನ್ನೊಂದು ಲೆಕ್ಕ. ಒಂದು ವಸ್ತುವಿನ ಬೆಲೆ 100, ಅದರ ಖರ್ಚು 70. ತಿಂಗಳಿಗೆ 100 ವಸ್ತು ಹೋಗುತ್ತದೆ. ಅಂದರೆ ತಿಂಗಳಿಗೆ 3,000 ಉಳಿಯುತ್ತದೆ. ಈಗ ಮಾರಾಟ ಹೆಚ್ಚಲಿ ಅಂತ ಶೇಕಡಾ 10 ರಿಯಾಯಿತಿ ಕೊಟ್ಟರೆ? ಬೆಲೆ 90 ಆಯಿತು. ಖರ್ಚು 70ರಲ್ಲೇ ಇದೆ. ವಸ್ತುವಿಗೆ 20 ಮಾತ್ರ ಉಳಿಯುತ್ತದೆ. ಮೊದಲಿನ 3,000 ಬರಬೇಕಾದರೆ 150 ವಸ್ತು ಮಾರಬೇಕು. ಬೆಲೆ ಇಳಿಸಿದ್ದು ಶೇಕಡಾ 10, ಮಾರಾಟ ಏರಬೇಕಾದ್ದು ಶೇಕಡಾ 50! ಇಲ್ಲಿ ಬಳಸಿದ್ದು ಕಳೆಯುವುದು, ಗುಣಿಸುವುದು ಮತ್ತು ಭಾಗಿಸುವುದು ಇಷ್ಟೇ. ಆದರೂ ಈ ಲೆಕ್ಕ ಹಾಕದೆ ರಿಯಾಯಿತಿ ಘೋಷಿಸಿ ನಷ್ಟಕ್ಕೆ ಬೀಳುವ ವ್ಯಾಪಾರಗಳು ಎಲ್ಲ ಕಡೆ ಇವೆ. ನನಗೆ ಬಿಬಿಎ ಗಣಿತದ ಬಗ್ಗೆ ಇಷ್ಟೊಂದು ಪ್ರೀತಿ ಇರುವುದು ಇದಕ್ಕೇ. ಇಷ್ಟು ಚಿಕ್ಕ ಲೆಕ್ಕ ಅಷ್ಟು ದೊಡ್ಡ ವಿಷಯ ಹೇಳುತ್ತದೆ.

ಅಕೌಂಟಿಂಗ್‌ನಲ್ಲಿ ಕೂಡಿಸುವುದು, ಕಳೆಯುವುದು ಬಿಟ್ಟರೆ ಗಣಿತವೇ ಇಲ್ಲ ಅನ್ನಬಹುದು. ಅಲ್ಲಿ ಬೇಕಾದ್ದು ಶಿಸ್ತು. ಆಸ್ತಿ ಯಾವಾಗಲೂ ಸಾಲ ಮತ್ತು ಮಾಲೀಕರ ಬಂಡವಾಳ ಸೇರಿದಷ್ಟಿರಬೇಕು ಅನ್ನೋ ಒಂದೇ ಸಮೀಕರಣದ ಮೇಲೆ ಇಡೀ ಕಟ್ಟಡ ನಿಂತಿದೆ. ಪ್ರತಿ ವಹಿವಾಟನ್ನೂ ಎರಡು ಕಡೆ ಬರೆಯುತ್ತಾರೆ, ಒಂದು ಡೆಬಿಟ್, ಒಂದು ಕ್ರೆಡಿಟ್. ವೆನಿಸ್‌ನ ವರ್ತಕರು ಬಳಸುತ್ತಿದ್ದ ಈ ಪದ್ಧತಿಯನ್ನು 1494ರಲ್ಲಿ ಅಚ್ಚು ಹಾಕಿಸಿ ವಿವರಿಸಿದವರು ಲೂಕಾ ಪಚೋಲಿ ಎಂಬ ಇಟಲಿಯ ಸನ್ಯಾಸಿ ಮತ್ತು ಗಣಿತಜ್ಞ. ಮೊದಲ ಕೆಲವು ವಾರ ಡೆಬಿಟ್ ಯಾವುದು, ಕ್ರೆಡಿಟ್ ಯಾವುದು ಅಂತ ತಲೆ ಕೆಡುತ್ತದೆ. ಅದು ಎಲ್ಲರಿಗೂ ಆಗುತ್ತದೆ, ಗಣಿತದಲ್ಲಿ ನೂರಕ್ಕೆ ನೂರು ತೆಗೆದವರಿಗೂ. ದಿನಾ ನಾಲ್ಕೈದು ವಹಿವಾಟು ಬರೆದು ಅಭ್ಯಾಸ ಮಾಡಿದರೆ ತಾನಾಗಿ ಕೂತುಕೊಳ್ಳುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಕೂತು ಓದಿದರೆ ಮಾತ್ರ ಖಂಡಿತ ಆಗುವುದಿಲ್ಲ.

ಲಾಭ ಬೇರೆ, ಕೈಯಲ್ಲಿರುವ ನಗದು ಬೇರೆ ಅನ್ನೋದನ್ನೂ ಇಲ್ಲೇ ಕಲಿಯುತ್ತೀರಿ. ಸರಕು ಕಳಿಸಿ ಬಿಲ್ ಹಾಕಿದ ದಿನವೇ ಲೆಕ್ಕದಲ್ಲಿ ಆದಾಯ ಬಂತು. ಗಿರಾಕಿ ದುಡ್ಡು ಕೊಡುವುದು ಎರಡು ತಿಂಗಳ ಮೇಲೆ. ಅಷ್ಟರಲ್ಲಿ ಸಂಬಳ, ಬಾಡಿಗೆ, ಬಡ್ಡಿ ಎಲ್ಲ ಕಟ್ಟಬೇಕು. ಕಾಗದದ ಮೇಲೆ ಲಾಭದಲ್ಲಿರುವ ಕಂಪನಿ ಬಾಗಿಲು ಹಾಕುವುದು ಹೀಗೆ.

ನಿಜವಾಗಿ ಹೆಚ್ಚು ಜನಕ್ಕೆ ಕಷ್ಟ ಆಗುವುದು ಸಂಖ್ಯಾಶಾಸ್ತ್ರ. ಭಯ ಇದ್ದರೆ ಇದಕ್ಕೆ ಮೊದಲೇ ಸಿದ್ಧರಾಗಿ. ಸೂತ್ರಗಳನ್ನು ಈಗ ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಯೋಚನೆ ಮಾತ್ರ ನೀವೇ ಮಾಡಬೇಕು. ಒಂದು ಕಚೇರಿಯಲ್ಲಿ ಹತ್ತು ಜನ. ಒಂಬತ್ತು ಜನಕ್ಕೆ ತಲಾ 20 ಸಾವಿರ ಸಂಬಳ, ಒಬ್ಬರಿಗೆ 220 ಸಾವಿರ. ಸರಾಸರಿ 40 ಸಾವಿರ. ಲೆಕ್ಕ ಸರಿ, ಆದರೆ ಆ ಕಚೇರಿಯಲ್ಲಿ ಯಾರಿಗೂ 40 ಸಾವಿರ ಸಿಗುತ್ತಿಲ್ಲ. ಎಲ್ಲರನ್ನೂ ಸಂಬಳದ ಕ್ರಮದಲ್ಲಿ ನಿಲ್ಲಿಸಿ ನಟ್ಟನಡುವೆ ಇರುವವರ ಸಂಬಳ ನೋಡಿದರೆ 20 ಸಾವಿರ. ಇದು ಮಧ್ಯಾಂಕ. ಯಾವಾಗ ಸರಾಸರಿ ಹೇಳಬೇಕು, ಯಾವಾಗ ಮಧ್ಯಾಂಕ ಹೇಳಬೇಕು ಅನ್ನೋದು ತಿಳಿದರೆ ಸಂಖ್ಯಾಶಾಸ್ತ್ರದ ಬಾಗಿಲು ತೆರೆದ ಹಾಗೆ.

ಆಮೇಲೆ ಸಮೀಕ್ಷೆಯ ಲೆಕ್ಕ ಬರುತ್ತದೆ. ಸರಿಯಾಗಿ ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದ ಹಾಗೆ, ಆರಿಸಿದ ಸುಮಾರು 1,000 ಜನರನ್ನು ಕೇಳಿದರೆ ಸಿಗುವ ಅಂದಾಜಿನಲ್ಲಿ ಹೆಚ್ಚುಕಡಿಮೆ 3 ಶೇಕಡಾ ಅಂಶದ ಏರುಪೇರು ಇರಬಹುದು. ಈ ಏರುಪೇರನ್ನು ಅರ್ಧಕ್ಕೆ ಇಳಿಸಬೇಕಾದರೆ 2,000 ಜನ ಸಾಲದು, 4,000 ಬೇಕು. ಕಾರಣ, ಇಲ್ಲಿ ಕೆಲಸ ಮಾಡುವುದು ವರ್ಗಮೂಲ. ಮ್ಯಾನೇಜರ್ ಆಗಿ ನೀವು ಕೇಳಬೇಕಾದ ಪ್ರಶ್ನೆ ಏನೆಂದರೆ, ಆ ಹೆಚ್ಚಿನ ನಿಖರತೆಗೆ ನಾಲ್ಕು ಪಟ್ಟು ಜನರನ್ನು ಕೇಳುವ ಖರ್ಚು ತಕ್ಕದ್ದೇ? ವರ್ಗಮೂಲ ತೆಗೆಯುವುದು ಕ್ಯಾಲ್ಕುಲೇಟರ್ ಕೆಲಸ. ಈ ಪ್ರಶ್ನೆ ಕೇಳುವುದು ನಿಮ್ಮ ಕೆಲಸ.

ಫೈನಾನ್ಸ್‌ನ ಬುಡದಲ್ಲಿರುವುದು ಚಕ್ರಬಡ್ಡಿ. ಇವತ್ತಿನ 100 ಶೇಕಡಾ 10ರ ದರದಲ್ಲಿ ಮುಂದಿನ ವರ್ಷ 110, ಅದರ ಮುಂದಿನ ವರ್ಷ 121. ಇದನ್ನೇ ಹಿಂದಕ್ಕೆ ಓಡಿಸಿ. ಎರಡು ವರ್ಷ ಬಿಟ್ಟು ಸಿಗುವ 121ಕ್ಕೆ ಇವತ್ತಿನ ಬೆಲೆ 100. ಯಾವ ಯೋಜನೆಗೆ ಹಣ ಹಾಕಬೇಕು ಅನ್ನೋ ಪಾಠಗಳೆಲ್ಲ ಇದರ ಮೇಲೇ ನಿಂತಿವೆ. ಮುಂದಿನ ವರ್ಷಗಳಲ್ಲಿ ಸಂಖ್ಯಾಶಾಸ್ತ್ರವೂ ಬಂದು ಸೇರುತ್ತದೆ. ಒಂದೇ ಷೇರಿಗಿಂತ ಒಂದರೊಡನೊಂದು ಏರಿಳಿಯದ ಹಲವು ಷೇರುಗಳಲ್ಲಿ ಹಣ ಹಂಚಿದರೆ ಅಪಾಯ ಎಷ್ಟು ಕಡಿಮೆ ಆಗುತ್ತದೆ ಅಂತ 1952ರಲ್ಲಿ ಗಣಿತದಲ್ಲೇ ತೋರಿಸಿದವರು ಹ್ಯಾರಿ ಮಾರ್ಕೊವಿಟ್ಜ್. ಅವರಿಗೆ 1990ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಸಂಖ್ಯಾಶಾಸ್ತ್ರವನ್ನು ತಳ್ಳಿಹಾಕಿ ಬಂದವರು ಈ ಪಾಠದಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ.

ಕ್ಯಾಲ್ಕುಲಸ್ ಕೆಲವು ವಿಶ್ವವಿದ್ಯಾಲಯಗಳಲ್ಲಿ ಇದೆ, ಕೆಲವು ಕಡೆ ಇಲ್ಲ. ಇದ್ದರೂ "ಇನ್ನೊಂದು ವಸ್ತು ತಯಾರಿಸಿದರೆ ಖರ್ಚು ಎಷ್ಟು ಏರುತ್ತದೆ" ಎಂಬಂಥ ಪ್ರಶ್ನೆಗೆ ಬೇಕಾದಷ್ಟು ಮಾತ್ರ. ಆಪರೇಷನ್ಸ್‌ನಲ್ಲಿ ಬರುವ ಸೂತ್ರಗಳೂ ಹೀಗೇ. ಒಂದು ಸಲಕ್ಕೆ ಎಷ್ಟು ಸರಕು ತರಿಸಬೇಕು ಅನ್ನೋದಕ್ಕೆ ಅಮೆರಿಕದ ಎಂಜಿನಿಯರ್ ಫೋರ್ಡ್ ಹ್ಯಾರಿಸ್ 1913ರಲ್ಲಿ ಕೊಟ್ಟ ಸೂತ್ರವನ್ನು ಈಗಲೂ ಕಲಿಸುತ್ತಾರೆ. ಅದರ ಪ್ರಕಾರ ಬೇಡಿಕೆ ನಾಲ್ಕು ಪಟ್ಟಾದರೆ ತರಿಸುವ ಸರಕು ಎರಡು ಪಟ್ಟಾದರೆ ಸಾಕು. ಮತ್ತೆ ಅದೇ ವರ್ಗಮೂಲ.

ಇನ್ನೊಂದು ಮಾತು. ಲೆಕ್ಕದಿಂದ ತಪ್ಪಿಸಿಕೊಳ್ಳೋಣ ಅಂತ ಮಾರ್ಕೆಟಿಂಗ್ ಆರಿಸಿಕೊಳ್ಳುವವರು ಬಹಳ ಜನ. ದಯವಿಟ್ಟು ಆ ಕಾರಣಕ್ಕೆ ಆರಿಸಬೇಡಿ. ಜಾಹೀರಾತು ನೋಡಿದವರಲ್ಲಿ ಎಷ್ಟು ಜನ ಕೊಂಡರು, ಒಬ್ಬ ಗಿರಾಕಿಯನ್ನು ಕರೆತರಲು ಎಷ್ಟು ಖರ್ಚಾಯಿತು, ಎರಡು ಬಗೆಯ ಜಾಹೀರಾತಿನಲ್ಲಿ ಯಾವುದು ನಿಜಕ್ಕೂ ಮೇಲು, ಇದೆಲ್ಲ ಈಗ ಮಾರ್ಕೆಟಿಂಗ್‌ನ ದಿನನಿತ್ಯದ ಲೆಕ್ಕ. ಮಾನವ ಸಂಪನ್ಮೂಲದಲ್ಲಿ ಇಷ್ಟಿಲ್ಲ. ಆದರೂ ಕೆಲಸ ಬಿಡುವವರ ಪ್ರಮಾಣ, ಸಂಬಳದ ಬಜೆಟ್ ನಿಮ್ಮ ಮೇಜಿಗೆ ಬಂದೇ ಬರುತ್ತದೆ.

ಹಾಗಾದರೆ ಸೇರುವ ಮುಂಚೆ ಏನು ಮಾಡಬೇಕು? ಶಾಲೆಯ ಗಣಿತ ಪುಸ್ತಕವನ್ನು ಮೊದಲಿಂದ ಕೊನೆವರೆಗೆ ಓದಬೇಡಿ, ಅದು ದಂಡ. ಶೇಕಡಾ, ಅನುಪಾತ, ಬಡ್ಡಿ, ಒಂದು ಅಥವಾ ಎರಡು ಅಜ್ಞಾತಗಳ ಸಮೀಕರಣ, ಸರಳ ರೇಖೆಯ ಗ್ರಾಫ್ ಇಷ್ಟನ್ನೇ ಆರಿಸಿ ಅಭ್ಯಾಸ ಮಾಡಿ. ಮೊದಲು ಕೈಯಲ್ಲಿ ಮಾಡಿ, ಆಮೇಲೆ ಎಕ್ಸೆಲ್‌ನಂಥ ಸ್ಪ್ರೆಡ್‌ಶೀಟ್‌ನಲ್ಲಿ ಅದೇ ಲೆಕ್ಕವನ್ನು ಮತ್ತೆ ಕಟ್ಟಿ. ಮೇಲೆ ಹೇಳಿದ ರಿಯಾಯಿತಿಯ ಲೆಕ್ಕದಿಂದಲೇ ಶುರು ಮಾಡಬಹುದು. ಖರ್ಚು 70ರ ಬದಲು 50 ಇದ್ದರೆ ಎಷ್ಟು ಹೆಚ್ಚು ಮಾರಬೇಕು? ಖರ್ಚು 85 ಇದ್ದರೆ? ಸಂಖ್ಯೆ ಬದಲಿಸಿದ ಹಾಗೆ ಉತ್ತರ ಹೇಗೆ ಹೊರಳುತ್ತದೆ ಅಂತ ನೋಡುತ್ತಾ ಹೋದರೆ ಭಯ ಕಡಿಮೆ ಆಗುತ್ತದೆ. ಪ್ರತಿ ಉತ್ತರದ ಕೆಳಗೆ ಅದರ ಅರ್ಥವನ್ನು ನಿಮ್ಮದೇ ಮಾತಿನಲ್ಲಿ ಒಂದು ವಾಕ್ಯ ಬರೆಯಿರಿ. ಪರೀಕ್ಷೆಯಲ್ಲಿ ಅಂಕ ಹೋಗುವುದು ಎಷ್ಟೋ ಸಲ ಆ ಒಂದು ವಾಕ್ಯ ಬರೆಯದೇ ಇದ್ದದ್ದಕ್ಕೆ.

ಕೊನೆಯದಾಗಿ, ಕೋರ್ಸಿನ ಹೆಸರು ನೋಡಿ ತೀರ್ಮಾನ ಮಾಡಬೇಡಿ. ಬಿಬಿಎ ಅಂತ ಒಂದೇ ಹೆಸರಿದ್ದರೂ ಒಂದು ಕಡೆ ಮೂರು ವರ್ಷ, ಇನ್ನೊಂದು ಕಡೆ ನಾಲ್ಕು ವರ್ಷ. ಒಂದು ಕಡೆ ಸಂಖ್ಯಾಶಾಸ್ತ್ರ ಒಂದು ಸೆಮಿಸ್ಟರ್, ಇನ್ನೊಂದು ಕಡೆ ಎರಡು. ಫೈನಾನ್ಸ್ ಅಥವಾ ಅನಾಲಿಟಿಕ್ಸ್ ಅಂತ ವಿಶೇಷ ವಿಭಾಗ ಇದ್ದರೆ ಗಣಿತ ಎದ್ದು ಕಾಣುವಷ್ಟು ಹೆಚ್ಚು. ಸೆಮಿಸ್ಟರ್‌ವಾರು ಪಠ್ಯಕ್ರಮ ತರಿಸಿಕೊಳ್ಳಿ. ಕ್ವಾಂಟಿಟೇಟಿವ್, ಸ್ಟಾಟಿಸ್ಟಿಕ್ಸ್, ಕ್ಯಾಲ್ಕುಲಸ್ ಅನ್ನೋ ಪದಗಳು ಎಲ್ಲೆಲ್ಲಿ ಬಂದಿವೆ ಅಂತ ಗುರುತು ಹಾಕಿ. ಸಿಕ್ಕರೆ ಒಂದೆರಡು ಹಳೆಯ ಪ್ರಶ್ನೆಪತ್ರಿಕೆ ತೆಗೆದು, ಸಂಖ್ಯಾಶಾಸ್ತ್ರದ ಒಂದು ಪ್ರಶ್ನೆಯನ್ನು ಬಿಡಿಸಿದ ಉತ್ತರದ ಜೊತೆ ಓದಿ ನೋಡಿ. ಹೆಜ್ಜೆ ಹೆಜ್ಜೆಯಾಗಿ ಓದಿದಾಗ ಅರ್ಥ ಆಯಿತು ಅಂದರೆ ಆ ಕೋರ್ಸಿಗೆ ಅರ್ಜಿ ಹಾಕಿ. ಅರ್ಥ ಆಗದಿದ್ದರೆ ತರಗತಿ ಶುರುವಾಗುವ ಮುಂಚೆ ಆ ವಿಷಯಕ್ಕೆ ಯಾರಿಂದಾದರೂ ಪಾಠ ಹೇಳಿಸಿಕೊಳ್ಳುವ ಏರ್ಪಾಡು ಮಾಡಿಕೊಳ್ಳಿ.